ಪಂಜರದ ಹಕ್ಕಿ: ಅಂಜಬೇಕಾದುದು, ಅಂಜಬೇಕಿಲ್ಲದುದು

ಪಂಜರದ ಹಕ್ಕಿಯೊಂದು ಸತ್ತ ಮನೆಯಲ್ಲಿ ಕೇಳಿಬರುವ ಮಾತು ಬಹುಮಟ್ಟಿಗೆ ಒಂದೇ: ‘ನಿನ್ನೆ ರಾತ್ರಿಯವರೆಗೂ ಚೆನ್ನಾಗಿತ್ತು, ಬೆಳಿಗ್ಗೆ ಎದ್ದು ನೋಡಿದರೆ ಕೆಳಗೆ ಬಿದ್ದಿತ್ತು.’ ಹೀಗೆ ಹೇಳುವವರು ಸುಳ್ಳು ಹೇಳುತ್ತಾರೆಂದಲ್ಲ. ಆದರೆ ಮಾತು ಮಾತ್ರ ನಿಜವಾಗಿರುವುದು ಅಪರೂಪ. ಹಕ್ಕಿ ನಿನ್ನೆ ಚೆನ್ನಾಗಿರಲಿಲ್ಲ. ಮೊನ್ನೆಯೂ ಚೆನ್ನಾಗಿರಲಿಲ್ಲ. ಬಹುಶಃ ಎಷ್ಟೋ ದಿನಗಳಿಂದ ಅದರ ದೇಹ ಕ್ಷೀಣಿಸುತ್ತ ಬಂದಿದ್ದು, ಮನೆಯವರ ಕಣ್ಣೆದುರಿಗೇ ಅದು ತನ್ನ ರೋಗವನ್ನು ಮುಚ್ಚಿಟ್ಟುಕೊಂಡಿತ್ತು.

ಹೀಗೆ ಮುಚ್ಚಿಡುವುದು ಹಕ್ಕಿಯ ಹುಟ್ಟುಗುಣ. ಬಯಲಿನಲ್ಲಿ ಹಿಂಡುಗಟ್ಟಿ ಬಾಳುವ ಸಣ್ಣ ಹಕ್ಕಿಗಳಲ್ಲಿ ಯಾವುದು ಕುಗ್ಗಿ ಕುಳಿತಿದೆಯೋ ಅದರ ಮೇಲೆಯೇ ಗಿಡುಗ ಎರಗುತ್ತದೆ. ಆದುದರಿಂದ ಶಕ್ತಿ ಇರುವವರೆಗೂ ಆರೋಗ್ಯವಂತನಂತೆ ನಟಿಸುವುದೇ ಅದಕ್ಕೆ ಉಳಿವಿನ ಉಪಾಯ. ಮಾಟುಂಗದಲ್ಲೋ ಮುಲುಂಡದಲ್ಲೋ ನಾಲ್ಕನೆಯ ಮಹಡಿಯ ಬಾಲ್ಕನಿಯಲ್ಲಿ ಗಿಡುಗನ ಭಯವಿಲ್ಲವೆಂಬುದು ಅದಕ್ಕೆ ತಿಳಿಯದು. ಕಾಯಿಲೆ ಮೇಲುನೋಟಕ್ಕೆ ಕಾಣಿಸಿಕೊಳ್ಳುವ ಹೊತ್ತಿಗೆ ನಟಿಸುವ ಶಕ್ತಿಯೂ ಮುಗಿದಿರುತ್ತದೆ. ಹೀಗಿರುವಾಗ, ಸಹಜವಾದ ಹಕ್ಕಿ ಹೇಗಿರುತ್ತದೆಂಬುದನ್ನು ಅದು ಚೆನ್ನಾಗಿರುವಾಗಲೇ ನೋಡಿ ತಿಳಿದಿರದವರಿಗೆ, ಅಸಹಜವಾದುದು ಕಣ್ಣಿಗೆ ಬೀಳುವುದಾದರೂ ಹೇಗೆ? ಈಗ ಅನೇಕ ಮನೆಗಳಲ್ಲಿ ನಡೆಯುತ್ತಿರುವುದೇನೆಂದರೆ, ಅಂಜಬೇಕಿಲ್ಲದುದಕ್ಕೆ ಅಂಜಿ ಔಷಧ ಹಾಕುವುದು. ಅಂಜಬೇಕಾದುದನ್ನು ‘ಪಾಪ, ನಿದ್ದೆ ಬಂದಿದೆ’ ಎಂದು ಬಿಟ್ಟುಬಿಡುವುದು.

ಮಹಾನಗರಗಳ ಕನ್ನಡ ಕುಟುಂಬಗಳಲ್ಲಿ ಹಕ್ಕಿ ಸಾಕುವ ರೂಢಿ ಬೆಳೆದುದಕ್ಕೆ ಕಾರಣವನ್ನು ದೂರ ಹುಡುಕಬೇಕಾಗಿಲ್ಲ. ಊರಿನಲ್ಲಿ ಹಿತ್ತಿಲು, ಕೊಟ್ಟಿಗೆ, ಮಾಡಿನ ಸಂದಿಯ ಗುಬ್ಬಿ ಇವುಗಳ ನಡುವೆ ಬೆಳೆದ ತಂದೆತಾಯಿಗಳು ಎರಡು ಕೋಣೆಯ ಫ್ಲ್ಯಾಟಿನಲ್ಲಿ ತಮ್ಮ ಮಕ್ಕಳಿಗೆ ಏನನ್ನು ತೋರಿಸಿಯಾರು? ನಾಯಿಗೆ ಸೊಸೈಟಿಯವರ ತಕರಾರು, ಬೆಕ್ಕಿಗೆ ಅಜ್ಜಿಯ ತಕರಾರು. ಹೀಗಾಗಿ ಮುಂಬಯಿಯವರು ಕ್ರಾಫರ್ಡ್ ಮಾರುಕಟ್ಟೆಯಿಂದ, ಹೈದರಾಬಾದಿನವರು ಮುರ್ಗಿ ಚೌಕದಿಂದ, ರಂಧ್ರ ಕೊರೆದ ರಟ್ಟಿನ ಪೆಟ್ಟಿಗೆಯಲ್ಲಿ ಒಂದು ಜೋಡಿ ಹಕ್ಕಿಯನ್ನು ಮನೆಗೆ ತರುತ್ತಾರೆ. ಅಂಗಡಿಯವನು ಪಂಜರವನ್ನು ಮಾರುತ್ತಾನೆ, ಕಾಳನ್ನು ಮಾರುತ್ತಾನೆ. ಹಕ್ಕಿಯ ದೇಹ ಎಂಥದೆಂಬುದನ್ನು ಹೇಳಿಕೊಡುವವರು ಯಾರೂ ಇಲ್ಲ.

ಹೆಸರಿನಲ್ಲಿಯೇ ತಪ್ಪು ಮೊದಲಾಗುತ್ತದೆ. ಅಂಗಡಿಗಳಲ್ಲಿ ‘ಲವ್ ಬರ್ಡ್ಸ್’ ಎಂದು ಹೇಳಿ ಮಾರುವ ಹಸಿರು, ನೀಲಿ, ಹಳದಿ ಬಣ್ಣದ ಪುಟ್ಟ ಹಕ್ಕಿ ಹೆಚ್ಚಿನ ಪಾಲು ಬಡ್ಜರಿಗಾರ್, ಅಂದರೆ ಬಡ್ಜಿ. ಇದರ ತವರು ಆಸ್ಟ್ರೇಲಿಯದ ಒಣನಾಡು. ಜಾನ್ ಗೂಲ್ಡ್ ಎಂಬ ಪಕ್ಷಿವಿಜ್ಞಾನಿ 1840ರಲ್ಲಿ ಇದನ್ನು ಜೀವಂತವಾಗಿ ಇಂಗ್ಲೆಂಡಿಗೆ ಕೊಂಡೊಯ್ದ ಮೇಲೆ ಇದು ಲೋಕದ ಮನೆಮನೆಗೂ ಹರಡಿತು. ನಿಜವಾದ ಲವ್ ಬರ್ಡ್ ಆಫ್ರಿಕದ್ದು. ಇದಕ್ಕಿಂತ ದಪ್ಪಗೆ, ಬಾಲ ಮೊಂಡಾಗಿರುತ್ತದೆ. ತಲೆಯ ಮೇಲೆ ಜುಟ್ಟಿರುವ ಕಾಕಟೀಲ್ ಮತ್ತೆ ಆಸ್ಟ್ರೇಲಿಯದ್ದೇ. ಇನ್ನು ಕೊರಳಲ್ಲಿ ಕೆಂಪು ಪಟ್ಟಿಯ ನಮ್ಮ ನಾಡಿನ ಅರಗಿಣಿಯನ್ನು ಪಂಜರದಲ್ಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೇರೆಗೆ ಅಪರಾಧ. ಅಜ್ಜನ ಕಾಲದಲ್ಲಿ ಜಗಲಿಯ ಮೇಲೆ ತೂಗುಹಾಕಿದ್ದರೆಂಬುದು ಇಂದು ಸಮಾಧಾನವಾಗಲಾರದು. ಆಫ್ರಿಕದ ಬೂದುಗಿಣಿ, ಮಕಾವ್ ಮುಂತಾದ ವಿದೇಶೀ ಜಾತಿಗಳನ್ನು ಸಾಕುವವರು 2022ರ ತಿದ್ದುಪಡಿ ಮತ್ತು 2024ರ ನಿಯಮಗಳಂತೆ ನೋಂದಣಿ ಮಾಡಿಸಬೇಕು. ಬಡ್ಜಿ, ಕಾಕಟೀಲ್‌ಗಳಿಗೆ ಆ ಕಟ್ಟುಪಾಡಿಲ್ಲ. ಮುಂದಿನ ಮಾತೆಲ್ಲ ಮುಖ್ಯವಾಗಿ ಈ ಎರಡು ಹಕ್ಕಿಗಳನ್ನು ಕುರಿತದ್ದು.

ಬಡ್ಜಿಯ ಕೊಕ್ಕಿನ ಮೇಲ್ಗಡೆ, ಮೂಗಿನ ಹೊಳ್ಳೆಗಳ ಸುತ್ತ, ಮೇಣದಂಥ ಒಂದು ದಪ್ಪ ಚರ್ಮವಿರುತ್ತದೆ. ಬೆಳೆದ ಗಂಡಿನಲ್ಲಿ ಇದು ನೀಲಿ. ಹೆಣ್ಣಿನಲ್ಲಿ ಕೆಲವೊಮ್ಮೆ ಬಿಳಿಚಿದ ನೀಲಿ, ಮೊಟ್ಟೆಯಿಡುವ ಕಾಲದಲ್ಲಿ ಕಂದು. ಹೆಣ್ಣಿನ ಈ ಚರ್ಮ ಕಂದಾಗಿ, ಒರಟಾಗಿ, ಸಿಪ್ಪೆಯೆದ್ದಂತೆ ಕಂಡರೆ ಗಾಯವೆಂದು ಬಗೆದು ಎಣ್ಣೆ ಸವರುವವರಿದ್ದಾರೆ. ಅದರ ಅಗತ್ಯವಿಲ್ಲ. ಆದರೆ ವರ್ಷಗಳಿಂದ ಕಡುನೀಲಿಯಾಗಿದ್ದ ಗಂಡಿನ ಮೂಗಿನ ಬಣ್ಣ ಕ್ರಮೇಣ ಕಂದಿಗೆ ತಿರುಗಿದರೆ ಅದು ನಿಜವಾಗಿ ಅಂಜತಕ್ಕ ಸಂಗತಿ. ದೇಹದೊಳಗೆ ವೃಷಣದಲ್ಲಿ ಗಡ್ಡೆ ಬೆಳೆಯುತ್ತಿರುವುದರ ಸೂಚನೆ ಅದಾಗಿರಬಹುದು. ಒಂದೇ ಬಣ್ಣ, ಹೆಣ್ಣಿನಲ್ಲಿ ಸಹಜ, ಗಂಡಿನಲ್ಲಿ ರೋಗ. ತನ್ನ ಹಕ್ಕಿ ಗಂಡೋ ಹೆಣ್ಣೋ ಎಂದು ತಿಳಿಯದವನಿಗೆ ಇಲ್ಲಿ ಯಾವ ಉಪದೇಶವೂ ಪ್ರಯೋಜನವಾಗದು. ಇದಲ್ಲದೆ, ಮೂಗಿನ ಮೇಲೆ, ಕೊಕ್ಕಿನ ಮೂಲೆಗಳಲ್ಲಿ ಜೇನುಹಟ್ಟಿಯಂತೆ ಸಣ್ಣ ಸಣ್ಣ ತೂತುಗಳುಳ್ಳ ಬಿಳಿಯ ಹೊಪ್ಪಳಿಕೆ ಕಂಡರೆ ಅದು ನುಸಿಯ ಕೆಲಸ. ವೈದ್ಯರ ಔಷಧದಿಂದ ಸುಲಭವಾಗಿ ಹೋಗತಕ್ಕದ್ದನ್ನು ಬಿಟ್ಟರೆ ಕೊಕ್ಕೇ ವಿಕಾರವಾಗಿ ಬೆಳೆಯುತ್ತದೆ.

ಕೆಲವು ಭಯಗಳನ್ನು ಇಲ್ಲಿಯೇ ಕಳೆದುಬಿಡಬಹುದು. ಗಿಣಿಯ ಜಾತಿಯ ಹಕ್ಕಿಗಳ ಕಾಲಿನಲ್ಲಿ ಎರಡು ಬೆರಳು ಮುಂದಕ್ಕೆ, ಎರಡು ಹಿಂದಕ್ಕೆ ಇರುವುದು ಸಹಜ. ಬೆರಳು ಮುರಿದು ಹಿಂದಕ್ಕೆ ತಿರುಗಿದೆಯೆಂದು ಗಾಬರಿಯಾಗಬೇಕಿಲ್ಲ. ಬಾಲದ ಬುಡದಲ್ಲಿ ಬೆನ್ನ ಮೇಲೆ ಕಾಣುವ ಚಿಕ್ಕ ಗಂಟು ಕುರುವಲ್ಲ, ಗರಿಗಳಿಗೆ ಸವರಿಕೊಳ್ಳುವ ಎಣ್ಣೆಯ ಗ್ರಂಥಿ. ಸ್ನಾನದ ನಂತರ ಗರಿ ಒದ್ದೆಯಾದಾಗ ಕೆನ್ನೆಯ ಬಳಿ ತೂತು ಕಂಡರೆ ಅದು ಕಿವಿ. ನಿದ್ದೆ ಬರುವಾಗ ಕೊಕ್ಕನ್ನು ಕರಕರನೆ ಮಸೆಯುವುದು ನೆಮ್ಮದಿಯ ಲಕ್ಷಣ. ಒಂಟಿಕಾಲಿನಲ್ಲಿ ನಿಂತು, ತಲೆಯನ್ನು ಬೆನ್ನಿನ ಗರಿಗಳಲ್ಲಿ ಹುದುಗಿಸಿ ಮಲಗುವುದಂತೂ ಆರೋಗ್ಯವೇ ಸರಿ. ಕಾಕಟೀಲಿನ ಮೈಯಿಂದ ಉದುರುವ ಬಿಳಿಯ ಹುಡಿ, ಹಳದಿ-ಬಿಳಿ ಕಾಕಟೀಲಿನ ಜುಟ್ಟಿನ ಹಿಂದೆ ಕಾಣುವ ಬೋಳು ಜಾಗ ಇವೆರಡೂ ಹುಟ್ಟಿನಿಂದ ಬಂದವು. ಗಿಣಿ ಮೆಣಸಿನಕಾಯಿಯನ್ನು ಕಚಕಚನೆ ತಿನ್ನುವುದನ್ನು ಕಂಡು ಹೌಹಾರುವ ಮಕ್ಕಳಿಗೆ, ಮೆಣಸಿನ ಖಾರ ಹಕ್ಕಿಗಳಿಗೆ ತಟ್ಟುವುದೇ ಇಲ್ಲವೆಂದು ಹೇಳಬಹುದು.

ಶರೀರರಚನೆಯಲ್ಲಿ ಅತಿ ಮುಖ್ಯವಾದುದು ಉಸಿರಾಟ. ಮನುಷ್ಯನಲ್ಲಿ ಎದೆಗೂ ಹೊಟ್ಟೆಗೂ ನಡುವೆ ವಪೆಯೆಂಬ ಸ್ನಾಯುವಿನ ಪರದೆಯಿದ್ದು, ಅದು ಇಳಿದಾಗ ಶ್ವಾಸಕೋಶ ಹಿಗ್ಗುತ್ತದೆ. ಹಕ್ಕಿಗೆ ಅಂಥ ವಪೆಯಿಲ್ಲ. ಅದರ ಶ್ವಾಸಕೋಶಗಳು ಹಿಗ್ಗುವುದೂ ಇಲ್ಲ, ಕುಗ್ಗುವುದೂ ಇಲ್ಲವೆನ್ನಬಹುದು. ಅವಕ್ಕೆ ಹೊಂದಿಕೊಂಡು ದೇಹದ ತುಂಬ ಹರಡಿರುವ, ಸಾಮಾನ್ಯವಾಗಿ ಒಂಬತ್ತು ಗಾಳಿಚೀಲಗಳು ಕಮ್ಮಾರನ ತಿದಿಯಂತೆ ಗಾಳಿಯನ್ನು ಒಂದೇ ದಿಕ್ಕಿನಲ್ಲಿ ಶ್ವಾಸಕೋಶದ ಮೂಲಕ ಹಾಯಿಸುತ್ತವೆ. ಈ ಏರ್ಪಾಡಿನಿಂದಾಗಿ ಉಸಿರನ್ನು ಒಳಗೆಳೆದುಕೊಳ್ಳುವಾಗಲೂ ಹೊರಬಿಡುವಾಗಲೂ ಶ್ವಾಸಕೋಶಕ್ಕೆ ಹೊಸ ಗಾಳಿ ಒದಗುತ್ತಿರುತ್ತದೆ. ಹಾರಾಟಕ್ಕೆ ಬೇಕಾದ ಪ್ರಾಣವಾಯು ದೊರೆಯುವುದು ಹೀಗೆ.

ಇದರಿಂದ ಮನೆಯವರು ತಿಳಿಯತಕ್ಕ ಸಂಗತಿಗಳು ಎರಡು. ಮೊದಲನೆಯದು: ತಿದಿಯನ್ನು ಒತ್ತುವ ಕೆಲಸ ಎದೆಯ ಮೂಳೆಯದು. ಅದು ಮುಂದಕ್ಕೂ ಹಿಂದಕ್ಕೂ ಆಡಬೇಕು. ಮಕ್ಕಳು ಪ್ರೀತಿಯಿಂದ ಹಕ್ಕಿಯನ್ನು ಮುಷ್ಟಿಯಲ್ಲಿ ಅದುಮಿ ಹಿಡಿದರೆ, ಮೂಗು ಬಾಯಿ ತೆರೆದಿದ್ದರೂ ಅದು ಉಸಿರುಕಟ್ಟಿ ಸಾಯಬಹುದು. ಹಿಡಿಯಬೇಕಾದಾಗ ಕುತ್ತಿಗೆಯ ಎರಡು ಬದಿಗೆ ಬೆರಳಿಟ್ಟು, ಎದೆಯ ಮೇಲೆ ಒತ್ತಡ ಬೀಳದಂತೆ ಹಿಡಿಯತಕ್ಕದ್ದು. ಎರಡನೆಯದು: ಗಾಳಿಯಿಂದ ಪ್ರಾಣವಾಯುವನ್ನು ಇಷ್ಟು ಸಮರ್ಥವಾಗಿ ಹೀರುವ ದೇಹ, ಗಾಳಿಯಲ್ಲಿರುವ ವಿಷವನ್ನೂ ಅಷ್ಟೇ ಸಮರ್ಥವಾಗಿ ಹೀರುತ್ತದೆ. ಇಂಗ್ಲೆಂಡಿನ ಕಲ್ಲಿದ್ದಲ ಗಣಿಗಳಲ್ಲಿ ವಿಷಾನಿಲದ ಮುನ್ಸೂಚನೆಗಾಗಿ ಕೆನರಿ ಹಕ್ಕಿಗಳನ್ನು ಒಯ್ಯುವ ಪದ್ಧತಿ 1986ರವರೆಗೂ ಇದ್ದುದು ಇದೇ ಕಾರಣಕ್ಕೆ. ನಗರದ ಚಿಕ್ಕ ಮನೆಯಲ್ಲಿ ಗಣಿಯೆಂದರೆ ಅಡಿಗೆಮನೆಯೇ. ಅಂಟದ ಲೇಪವಿರುವ ನಾನ್‌ಸ್ಟಿಕ್ ಬಾಣಲೆಯನ್ನು ಖಾಲಿಯಾಗಿ ಒಲೆಯ ಮೇಲೆ ಮರೆತರೆ, ಅತಿಯಾಗಿ ಕಾದ ಲೇಪದಿಂದ ಹೊರಡುವ ಹೊಗೆ ಮನುಷ್ಯರ ಗಮನಕ್ಕೆ ಬರುವ ಮೊದಲೇ ಹಕ್ಕಿಯನ್ನು ಕೊಲ್ಲುತ್ತದೆ. ಸೊಳ್ಳೆಬತ್ತಿ, ಊದುಬತ್ತಿ, ಸಿಗರೇಟು, ಸುವಾಸನೆಯ ಸ್ಪ್ರೇ, ದಟ್ಟ ಒಗ್ಗರಣೆಯ ಘಾಟು ಇವೂ ಹಕ್ಕಿಯ ಪಾಲಿಗೆ ಒಳ್ಳೆಯವಲ್ಲ. ಪಂಜರವನ್ನು ಅಡಿಗೆಮನೆಯಲ್ಲಾಗಲಿ ಅದರ ಬಾಗಿಲಲ್ಲಾಗಲಿ ಇಡಬಾರದೆಂಬ ಒಂದೇ ನಿಯಮವನ್ನು ಪಾಲಿಸಿದರೂ ಎಷ್ಟೋ ಸಾವುಗಳು ತಪ್ಪಿಯಾವು.

ಆರಾಮವಾಗಿ ಕುಳಿತ ಹಕ್ಕಿ ಉಸಿರಾಡುವುದು ಕಣ್ಣಿಗೆ ಕಾಣುವುದೇ ಕಷ್ಟ. ಬಡ್ಜಿಯ ಉಸಿರಿನ ವೇಗ ಮನುಷ್ಯನದರ ನಾಲ್ಕೈದು ಪಟ್ಟು. ಆದರೂ ಅದು ಸದ್ದಿಲ್ಲದೆ, ಕೊಕ್ಕು ಮುಚ್ಚಿಕೊಂಡೇ ನಡೆಯುತ್ತದೆ. ಹಾರಾಡಿ ಬಂದ ಮೇಲೆ ಒಂದೆರಡು ನಿಮಿಷ ಏದುಸಿರು ಬಿಡುವುದು ಸಹಜ. ಮೇ ತಿಂಗಳ ಚೆನ್ನೈ, ದೆಹಲಿಗಳ ಬಿಸಿಲಿನಲ್ಲಿ ರೆಕ್ಕೆಗಳನ್ನು ಮೈಯಿಂದ ದೂರ ಹಿಡಿದು, ಬಾಯಿ ತೆರೆದು ತೇಕುವುದು ಸೆಕೆಯ ಲಕ್ಷಣ. ಹಕ್ಕಿಗೆ ಬೆವರುವ ಗ್ರಂಥಿಗಳಿಲ್ಲ. ನೆರಳಿಗೆ ಒಯ್ದು, ಕುಡಿಯಲು ತಣ್ಣೀರಿಟ್ಟು, ಮೇಲೆ ಹಗುರಾಗಿ ನೀರು ಚಿಮುಕಿಸಿದರೆ ಇಳಿಯಬೇಕು. ಇಳಿಯದಿದ್ದರೆ, ಅಥವಾ ತಣ್ಣನೆಯ ಕೋಣೆಯಲ್ಲಿ ಸುಮ್ಮನೆ ಕುಳಿತಿರುವಾಗಲೇ ಪ್ರತಿಯೊಂದು ಉಸಿರಿಗೂ ಬಾಲ ಮೇಲಕ್ಕೂ ಕೆಳಕ್ಕೂ ತೂಗುತ್ತಿದ್ದರೆ, ಅದು ಉಸಿರಿಗಾಗಿ ಹೋರಾಡುತ್ತಿದೆಯೆಂದೇ ಅರ್ಥ. ಬಾಲದ ಈ ತೂಗಾಟವನ್ನು ಆಟವೆಂದು ಭಾವಿಸಿ ನಗುವ ಮನೆಗಳುಂಟು. ಉಸಿರಿನೊಡನೆ ಕಿರುಗುಟ್ಟುವ ಸದ್ದು ಬರುವ ಬಡ್ಜಿಗೆ ಥೈರಾಯ್ಡ್ ಗ್ರಂಥಿ ಊದಿಕೊಂಡು ಶ್ವಾಸನಾಳವನ್ನು ಒತ್ತುತ್ತಿರಲೂಬಹುದು. ಅಯೊಡಿನ್ ಇಲ್ಲದ ಬರಿಯ ಕಾಳನ್ನೇ ವರ್ಷಗಟ್ಟಲೆ ತಿಂದುದರ ಫಲವದು.

ಕಾಳಿನ ಮಾತು ಬಂದುದರಿಂದ ಹೊಟ್ಟೆಯ ವಿಷಯ. ಹಕ್ಕಿ ತಿಂದ ಕಾಳು ಮೊದಲು ಸೇರುವುದು ಕುತ್ತಿಗೆಯ ಬುಡದಲ್ಲಿರುವ ಒಂದು ಕಾಳಿನ ಚೀಲವನ್ನು. ಸಂಜೆ ಹೊಟ್ಟೆತುಂಬ ತಿಂದ ಹಕ್ಕಿಯ ಎದೆಯ ಮೇಲ್ಭಾಗ, ಅದರಲ್ಲಿಯೂ ಮರಿಗಳಲ್ಲಿ, ಉಬ್ಬಿಕೊಂಡು ಕಾಣುವುದು ಈ ಚೀಲದಿಂದಲೇ ಹೊರತು ಗಡ್ಡೆಯಿಂದಲ್ಲ. ರಾತ್ರಿ ಕಳೆದು ಬೆಳಗಾಗುವಷ್ಟರಲ್ಲಿ ಅದು ಇಳಿದಿರಬೇಕು. ಬೆಳಿಗ್ಗೆಯೂ ಹಾಗೆಯೇ ತುಂಬಿಕೊಂಡು, ಮುಟ್ಟಿದರೆ ಹಿಟ್ಟಿನ ಮುದ್ದೆಯಂತಿದ್ದರೆ ಆಹಾರ ಕೆಳಗಿಳಿಯುತ್ತಿಲ್ಲ. ಗಂಡು ಬಡ್ಜಿ ತಲೆಯನ್ನು ಕುಣಿಸುತ್ತ ಜೊತೆಗಾತಿಗೋ ಪಂಜರದ ಕನ್ನಡಿಗೋ ಕಾಳನ್ನು ಕಕ್ಕಿ ಕೊಡುವುದು ಅದರ ಪ್ರಣಯರೀತಿ. ತಲೆಯನ್ನು ಅತ್ತಿತ್ತ ಒದರಿ ಕಕ್ಕಿ, ನೆತ್ತಿಯ ಗರಿಗಳೆಲ್ಲ ಅಂಟಂಟಾಗಿದ್ದರೆ ಅದು ವಾಂತಿ.

ಮುಂಬಯಿಯ ಅಂಗಡಿಯವನು ಕಂಗನಿಯೆಂದೋ ರಾಳೆಯೆಂದೋ ಕೊಡುವ ಕಾಳು ಬೇರಾವುದೂ ಅಲ್ಲ, ನಮ್ಮ ನವಣೆ. ಬಡ್ಜಿ ಇದನ್ನು ಕೊಕ್ಕಿನಲ್ಲಿ ಸುಲಿದು ಒಳಗಿನ ತಿರುಳನ್ನು ತಿಂದು ಹೊಟ್ಟನ್ನು ಅದೇ ಬಟ್ಟಲಿಗೆ ಬಿಡುತ್ತದೆ. ದೂರದಿಂದ ನೋಡುವವರಿಗೆ ಬಟ್ಟಲು ತುಂಬಿಯೇ ಇರುತ್ತದೆ. ಊದಿ ನೋಡಿದರೆ ಎಲ್ಲವೂ ಹೊಟ್ಟು! ಕಾಳು ಹಾಕುವ ಕೆಲಸವನ್ನು ಮಕ್ಕಳಿಗೆ ಒಪ್ಪಿಸಿ, ಬಟ್ಟಲು ತುಂಬಿದೆಯೆಂದು ನಂಬಿ, ಹಕ್ಕಿ ಹಸಿವಿನಿಂದ ಸತ್ತ ಮನೆಗಳಿದ್ದರೆ ಆಶ್ಚರ್ಯವಿಲ್ಲ. ಪ್ರತಿದಿನ ಬಟ್ಟಲನ್ನು ಊದತಕ್ಕದ್ದು. ನವಣೆಯೊಂದೇ ಸಾಲದು, ಕೊತ್ತಂಬರಿ, ಪಾಲಕ್, ತುರಿದ ಗಜ್ಜರಿಗಳನ್ನು ಚೆನ್ನಾಗಿ ತೊಳೆದು ಕೊಡಬೇಕು. ಗ್ರಂಥಿಗೆ ಅಂಗಡಿಯಲ್ಲಿ ಸಮುದ್ರನೊರೆಯೆಂದು ಸಿಗುವ ತುಂಡೊಂದನ್ನು ಪಂಜರಕ್ಕೆ ಕಟ್ಟಿದರೆ ಸುಣ್ಣದಂಶ ದೊರೆಯುತ್ತದೆ. ಬೆಣ್ಣೆಹಣ್ಣು ಮತ್ತು ಚಾಕೊಲೇಟು ಹಕ್ಕಿಗೆ ವಿಷ. ಉಪ್ಪು ಹಾಕಿದ ಕುರುಕಲನ್ನೂ ಕೊಡಬಾರದು.

ಇನ್ನು, ಮಾತನಾಡಲು ಸಂಕೋಚಪಡುವ, ಆದರೆ ವೈದ್ಯರು ಮೊಟ್ಟಮೊದಲು ಕೇಳುವ ವಿಷಯ ಹಿಕ್ಕೆ. ಹಕ್ಕಿಗೆ ಮೂತ್ರಕೋಶವಿಲ್ಲ. ಮಲವೂ ಮೂತ್ರವೂ ಒಂದೇ ದ್ವಾರದಿಂದ ಒಟ್ಟಿಗೆ ಬರುತ್ತವೆ. ಆರೋಗ್ಯವಂತ ಬಡ್ಜಿಯ ಹಿಕ್ಕೆಯನ್ನು ಗಮನಿಸಿ ನೋಡಿದರೆ ಮೂರು ಭಾಗಗಳು ಕಾಣುತ್ತವೆ: ಸುರುಳಿ ಸುತ್ತಿದ ಹಸಿರು ಅಥವಾ ಕಂದು ಮಲ, ಸುಣ್ಣದಂತೆ ಬಿಳಿಯ ಭಾಗ, ಸುತ್ತ ಸ್ವಲ್ಪ ತಿಳಿನೀರು. ಬಿಳಿಯ ಭಾಗವನ್ನು ಕಂಡು ಕೀವೆಂದು ಹೆದರುವವರಿದ್ದಾರೆ; ಮನುಷ್ಯ ಯೂರಿಯಾ ರೂಪದಲ್ಲಿ ಹೊರಹಾಕುವ ಕಶ್ಮಲವನ್ನು ಹಕ್ಕಿ ಯೂರಿಕ್ ಆಮ್ಲದ ಈ ಬಿಳಿಯ ಗಸಿಯಾಗಿ ಹೊರಹಾಕುತ್ತದೆ, ಅಷ್ಟೇ. ಬಡ್ಜಿ ದಿನಕ್ಕೆ ಹಲವು ಹತ್ತು ಸಲ ಹಿಕ್ಕೆ ಹಾಕುವುದೂ ಸಹಜವೇ. ಬೆಳಗಿನ ಮೊದಲ ಹಿಕ್ಕೆ ರಾತ್ರಿಯದೆಲ್ಲ ಸೇರಿ ದೊಡ್ಡದಾಗಿರುತ್ತದೆ. ಮೊಟ್ಟೆಯಿಡುವ ಹೆಣ್ಣಿನದು ಇನ್ನೂ ದೊಡ್ಡದು. ಹಿಂದಿನ ದಿನ ಸೌತೆಕಾಯಿ ತಿಂದಿದ್ದರೆ ನೀರು ಹೆಚ್ಚು, ಬೀಟ್‌ರೂಟ್ ತಿಂದಿದ್ದರೆ ಬಣ್ಣ ಕೆಂಪು. ಭೇದಿಯೆಂದು ಜನ ಹೇಳುವುದು ಬಹುತೇಕ ಮೂತ್ರದ ಭಾಗ ಹೆಚ್ಚಿದುದೇ ಹೊರತು ಭೇದಿಯಲ್ಲ.

ಅಂಜಬೇಕಾದುದು ಬೇರೆ. ಬಿಳಿಯಿರಬೇಕಾದ ಭಾಗ ಹಳದಿಗೋ ಎಳೆಹಸಿರಿಗೋ ತಿರುಗಿದ್ದರೆ ಯಕೃತ್ತಿಗೆ ತೊಂದರೆಯಿರುವ ಸಂಭವ. ಇಡಿಯ ಕಾಳು ಜೀರ್ಣವಾಗದೆ ಬಂದರೆ ಹೊಟ್ಟೆಯ ರೋಗ. ಕಪ್ಪುಹಸಿರಿನ, ಚುಕ್ಕೆಯಷ್ಟೇ ಚಿಕ್ಕ ಹಿಕ್ಕೆ ಬೀಳುತ್ತಿದ್ದರೆ ಹಕ್ಕಿ ತಿನ್ನುತ್ತಿಲ್ಲ, ತಿನ್ನುವಂತೆ ನಟಿಸುತ್ತಿದೆ. ರಕ್ತ ಕಂಡರೆ ಕಾಯುವ ಪ್ರಶ್ನೆಯೇ ಇಲ್ಲ. ಮಲದ್ವಾರದ ಗರಿಗಳಿಗೆ ಹಿಕ್ಕೆ ಮೆತ್ತಿಕೊಂಡಿರುವುದೂ ಆರೋಗ್ಯವಲ್ಲ. ಪಂಜರದ ತಳಕ್ಕೆ ಮರಳನ್ನೋ ಮರದ ಹೊಟ್ಟನ್ನೋ ಹಾಕುವ ಬದಲು ಅಚ್ಚಿಲ್ಲದ ಬಿಳಿಯ ಕಾಗದವನ್ನು ಹಾಸಿ, ದಿನವೂ ಬದಲಾಯಿಸಿದರೆ, ಇವೆಲ್ಲ ತಾವಾಗಿಯೇ ಕಣ್ಣಿಗೆ ಬೀಳುತ್ತವೆ.

ಗರಿಗಳ ವಿಷಯದಲ್ಲಿ ಹೆಚ್ಚು ಹೇಳಬೇಕಿಲ್ಲ. ವರ್ಷದಲ್ಲಿ ಒಂದೆರಡು ಸಲ ಹಳೆಯ ಗರಿ ಉದುರಿ ಹೊಸದು ಹುಟ್ಟುವುದು ಪ್ರಕೃತಿನಿಯಮ. ಆಗ ಹಕ್ಕಿ ಮಂಕಾಗಿ, ಸಿಡುಕಾಗಿ ಇರುತ್ತದೆ. ತಲೆಯ ಮೇಲೆ ಮುಳ್ಳಿನಂಥ ಎಳೆಗರಿಗಳು ಏಳುತ್ತವೆ. ಬೋಳು ಚರ್ಮ ಕಾಣುವಷ್ಟು ಉದುರಿದರೆ ಮಾತ್ರ ಅದು ಸಹಜವಲ್ಲ. ಬೆಳೆಯುತ್ತಿರುವ ಎಳೆಗರಿಯೊಳಗೆ ರಕ್ತವಿರುತ್ತದೆ. ಅದು ಮುರಿದು ರಕ್ತ ಸುರಿದರೆ ಸ್ವಲ್ಪ ಮೈದಾಹಿಟ್ಟನ್ನೋ ಜೋಳದ ಹಿಟ್ಟನ್ನೋ ಒತ್ತಿ ಹಿಡಿದು ನಿಲ್ಲಿಸತಕ್ಕದ್ದು. ಹಕ್ಕಿಯ ರಕ್ತ ದೇಹತೂಕದ ಸುಮಾರು ಹತ್ತನೆಯ ಒಂದು ಭಾಗ. 35 ಗ್ರಾಂ ಬಡ್ಜಿಯ ಮೈಯ ರಕ್ತವನ್ನೆಲ್ಲ ಕೂಡಿಸಿದರೂ ಒಂದು ಚಹದ ಚಮಚ ತುಂಬುವುದಿಲ್ಲವೆಂಬುದನ್ನು ನೆನೆದರೆ ಕೆಲವು ಹನಿಗಳ ಬೆಲೆ ಗೊತ್ತಾಗುತ್ತದೆ.

ಗರಿಗಳೇ ಹಕ್ಕಿಯ ಕೃಶತೆಯನ್ನು ಮುಚ್ಚಿಡುವ ಅಂಗಿ. ಹೊರಗೆ ದುಂಡಗೆ ಕಾಣುವ ಹಕ್ಕಿ ಒಳಗೆ ಎಲುಬಿನ ಗೂಡಾಗಿರಬಹುದು. ಎದೆಯ ನಡುವೆ, ದೋಣಿಯ ತಳದ ಅಂಚಿನಂತೆ, ಒಂದು ಏಣು ಮೂಳೆಯಿದೆ. ಬೆರಳಿನಿಂದ ಮೆಲ್ಲನೆ ಸವರಿದರೆ ಇಬ್ಬದಿಗಳಲ್ಲಿ ಮಾಂಸ ತುಂಬಿದ್ದು ನಡುವೆ ಅಂಚು ಸ್ವಲ್ಪವೇ ತಗಲಬೇಕು. ಚಾಕುವಿನ ಬಾಯಿಯಂತೆ ಚೂಪಾಗಿ ತಗಲಿದರೆ ಮಾಂಸ ಕರಗಿಹೋಗಿದೆ. ಇದಕ್ಕಿಂತ ನಂಬತಕ್ಕ ಸಾಧನವೆಂದರೆ ಗ್ರಾಂ ತೋರಿಸುವ ಅಡಿಗೆಮನೆಯ ತಕ್ಕಡಿ. ಬಡ್ಜಿ ಸುಮಾರು 30ರಿಂದ 40 ಗ್ರಾಂ, ಕಾಕಟೀಲ್ ಸುಮಾರು 80ರಿಂದ 100 ಗ್ರಾಂ ತೂಗುತ್ತದೆ. ವಾರಕ್ಕೊಮ್ಮೆ, ಬೆಳಿಗ್ಗೆ ತಿನ್ನುವ ಮೊದಲು ತೂಗಿ, ತಾರೀಖಿನೊಡನೆ ಒಂದು ಪುಸ್ತಕದಲ್ಲಿ ಬರೆದಿಡುವುದು ಐದು ನಿಮಿಷದ ಕೆಲಸ. ತೂಕದಲ್ಲಿ ಹತ್ತನೆಯ ಒಂದು ಭಾಗ ಇಳಿದರೆ ವೈದ್ಯರ ಬಳಿ ಹೋಗಬೇಕು. 35 ಗ್ರಾಮಿನ ಹಕ್ಕಿಗೆ ಅದು ಮೂರೂವರೆ ಗ್ರಾಂ. ಯಾವ ಕಣ್ಣಿಗೂ ಅದು ಕಾಣದು, ಪುಸ್ತಕದಲ್ಲಿ ಕಾಣುತ್ತದೆ. ಪಾಸ್‌ಬುಕ್ಕನ್ನು ತಿಂಗಳಿಗೊಮ್ಮೆ ತಾಳೆನೋಡುವವರು ಇದನ್ನು ಮಾಡಲಾರರೇ? ಮಕ್ಕಳಿಗೆ ವಹಿಸಿದರೆ ಅವರು ದೊಡ್ಡವರಿಗಿಂತ ಚೊಕ್ಕವಾಗಿ ಲೆಕ್ಕವಿಡುತ್ತಾರೆ.

ಇಷ್ಟರ ಮೇಲೆ, ಅದೇ ದಿನ ವೈದ್ಯರಲ್ಲಿಗೆ ಕೊಂಡೊಯ್ಯಬೇಕಾದ ಸ್ಥಿತಿ ಯಾವುದೆಂದರೆ: ಹಗಲು ಹೊತ್ತಿನಲ್ಲಿ ಮೈಗರಿಗಳನ್ನೆಲ್ಲ ಉಬ್ಬಿಸಿ, ಎರಡು ಕಾಲಿನಲ್ಲಿಯೂ ಅಡ್ಡಕೋಲನ್ನು ಬಿಗಿಹಿಡಿದು, ಕಣ್ಣು ಅರೆಮುಚ್ಚಿ ಕುಳಿತಿರುವುದು, ಅಡ್ಡಕೋಲು ಬಿಟ್ಟು ಪಂಜರದ ತಳಕ್ಕಿಳಿದು ಕೂರುವುದು, ಸದಾ ಉಲಿಯುತ್ತಿದ್ದುದು ಮೌನವಾಗುವುದು, ಬಾಲ ತೂಗುವುದು. ಹೆಣ್ಣು ಹಕ್ಕಿಯಾಗಿದ್ದು, ತಳದಲ್ಲಿ ಕುಳಿತು ತಿಣುಕುತ್ತಿದ್ದರೆ ಮೊಟ್ಟೆ ಸಿಕ್ಕಿಕೊಂಡಿರಬಹುದು. ಗಂಡಿಲ್ಲದ ಮನೆಯಲ್ಲಿ ಮೊಟ್ಟೆಯೆಲ್ಲಿಂದ ಎಂಬ ಪ್ರಶ್ನೆ ಬೇಡ. ಜೊತೆಯಿಲ್ಲದೆಯೂ ಹೆಣ್ಣು ಮೊಟ್ಟೆಯಿಡುತ್ತದೆ, ಕೋಳಿಯಂತೆ. ಸುಣ್ಣದಂಶ ಕಡಿಮೆಯಾದಾಗ ಇದು ಹೆಚ್ಚು. ಕೆಲವು ಗಂಟೆಗಳ ವಿಳಂಬವೂ ಪ್ರಾಣಾಂತಿಕವಾಗಬಹುದಾದ ಈ ಸ್ಥಿತಿಯಲ್ಲಿ ಹೊಟ್ಟೆಯನ್ನು ಒತ್ತಿ ಮೊಟ್ಟೆ ತೆಗೆಯಲು ಹೋಗುವುದು ಹಕ್ಕಿಯನ್ನು ಕೊಂದಂತೆಯೇ.

ಇಲ್ಲಿ ಎರಡು ದುರಭ್ಯಾಸಗಳನ್ನು ಸ್ಪಷ್ಟವಾಗಿ ಖಂಡಿಸಬೇಕಾಗಿದೆ. ಮೊದಲನೆಯದು, ಅಂಗಡಿಯವನ ಮಾತು ಕೇಳಿ ಮನುಷ್ಯರ ಟೆಟ್ರಾಸೈಕ್ಲಿನ್ ಮಾತ್ರೆಯನ್ನು ಬಿಡಿಸಿ ಕುಡಿಯುವ ನೀರಿಗೆ ಬೆರೆಸುವುದು. ಕಾಯಿಲೆಯ ಹಕ್ಕಿ ಕಹಿ ನೀರನ್ನು ಕುಡಿಯುವುದೇ ಇಲ್ಲ. ಬಡ್ಜಿ ಒಣನಾಡಿನದಾದುದರಿಂದ ಅದು ಕುಡಿಯುವ ನೀರೇ ಅಲ್ಪ. ಎಷ್ಟು ಔಷಧ ಹೊಟ್ಟೆಗೆ ಹೋಯಿತೆಂದು ಹೇಳುವಂತಿಲ್ಲ. ರೋಗ ಬ್ಯಾಕ್ಟೀರಿಯದ್ದೇ ಎಂಬ ಖಾತರಿಯೂ ಇಲ್ಲ. ಅಮೂಲ್ಯವಾದ ಎರಡು ದಿನಗಳು ಮಾತ್ರ ಕಳೆದುಹೋಗುತ್ತವೆ. ಸಾಯದೆ ಉಳಿದ ಕ್ರಿಮಿಗಳು ಔಷಧಕ್ಕೆ ಬಗ್ಗದಂಥವಾಗುತ್ತವೆ.

ಎರಡನೆಯದು ಇದಕ್ಕಿಂತ ಆಳವಾದುದು. ‘ಕೆಲವು ನೂರು ರೂಪಾಯಿಯ ಹಕ್ಕಿಗೆ ಅದರ ಎರಡರಷ್ಟು ಡಾಕ್ಟರ ಫೀಜೇ? ಸತ್ತರೆ ಇನ್ನೊಂದು ತಂದರಾಯಿತು’ ಎಂಬ ವಾದ. ಲೆಕ್ಕದ ಹಾಗೆ ಕಾಣುವ ಈ ಮಾತು ಲೆಕ್ಕದಲ್ಲಿಯೇ ತಪ್ಪು. ಕೊಂಡ ದಿನದ ಬೆಲೆ ಬೇರೆ, ನಾಲ್ಕು ವರ್ಷ ಮನೆಯಲ್ಲಿ ಬಾಳಿ, ಹೆಸರು ಹಿಡಿದು ಕರೆದರೆ ಹೆಗಲೇರುವ ಜೀವದ ಬೆಲೆ ಬೇರೆ. ಯಾವ ಆಸ್ತಿಯನ್ನೂ ಕೊಂಡ ಬೆಲೆಯಿಂದಲೇ ಯಾರೂ ಅಳೆಯುವುದಿಲ್ಲ. ಚೆನ್ನಾಗಿ ನೋಡಿಕೊಂಡ ಬಡ್ಜಿ ಐದರಿಂದ ಹತ್ತು ವರ್ಷ, ಕಾಕಟೀಲ್ ಹದಿನೈದು ವರ್ಷಕ್ಕೂ ಮೇಲ್ಪಟ್ಟು ಬದುಕುತ್ತದೆ. ಅಷ್ಟು ಕಾಲ ಅದರ ಕಾಳು ಪಂಜರಗಳಿಗೆ ತಗಲುವ ಖರ್ಚಿನ ಜೊತೆಗೆ ಒಂದೆರಡು ಚಿಕಿತ್ಸೆಯ ಖರ್ಚನ್ನೂ ಮೊದಲೇ ಎಣಿಸಿಕೊಳ್ಳಲಾರದವರು ಹಕ್ಕಿಯನ್ನು ತರದಿರುವುದೇ ಮೇಲು. ಸಂಜೆ ಸತ್ತ ಹಕ್ಕಿಯ ಜಾಗದಲ್ಲಿ ಮಾರನೆಯ ದಿನವೇ ಅದೇ ಬಣ್ಣದ ಇನ್ನೊಂದನ್ನು ಇಡುವುದರಿಂದ ಮಗುವಿನ ಅಳು ನಿಲ್ಲಬಹುದು. ಮಗು ಅದರಿಂದ ಕಲಿಯುವುದೇನೆಂಬುದನ್ನು ತಂದೆತಾಯಿಗಳು ಯೋಚಿಸಬೇಕು.

ವೈದ್ಯರು ಸಿಗುವುದಿಲ್ಲವೆಂಬ ದೂರಿನಲ್ಲಿ ಸ್ವಲ್ಪ ಹುರುಳಿದೆ. ನಗರದ ಪಶುವೈದ್ಯರಲ್ಲಿ ಹೆಚ್ಚಿನವರು ನಾಯಿಬೆಕ್ಕುಗಳನ್ನು ನೋಡುವವರು. ಹಕ್ಕಿಯನ್ನು ನೋಡಿ ಪಳಗಿದವರು ಕೆಲವರೇ. ಹಾಗೆಂದು ಯಾರೂ ಇಲ್ಲವೆಂದಲ್ಲ. ಮುಂಬಯಿಯ ಪರೇಲಿನಲ್ಲಿ 1886ರಿಂದ ಪಶುವೈದ್ಯ ಕಾಲೇಜಿದೆ, ಚೆನ್ನೈಯ ವೇಪೇರಿಯಲ್ಲಿ 1903ರಿಂದ ಇದೆ. ದೆಹಲಿಯ ಚಾಂದನಿ ಚೌಕದ ಲಾಲ್ ಮಂದಿರದಲ್ಲಿ ಜೈನರು ಹಕ್ಕಿಗಳಿಗೆಂದೇ ಧರ್ಮಾರ್ಥ ಆಸ್ಪತ್ರೆ ನಡೆಸುತ್ತಿದ್ದಾರೆ. ತಮ್ಮ ಬಡಾವಣೆಗೆ ಹತ್ತಿರದಲ್ಲಿ ಹಕ್ಕಿಯನ್ನು ನೋಡುವ ವೈದ್ಯರು ಯಾರೆಂಬುದನ್ನು ಹಕ್ಕಿ ತಂದ ವಾರದಲ್ಲಿಯೇ ವಿಚಾರಿಸಿ, ಆರೋಗ್ಯವಾಗಿರುವಾಗಲೇ ಒಮ್ಮೆ ತೋರಿಸಿಟ್ಟರೆ, ಕಾಯಿಲೆಯ ರಾತ್ರಿ ಅಲೆದಾಡುವುದು ತಪ್ಪುತ್ತದೆ.

ಮನೆಯವರ ಆರೋಗ್ಯದ ಬಗೆಗೂ ಒಂದು ಮಾತು. ಗಿಣಿಯ ಜಾತಿಯ ಹಕ್ಕಿಗಳಿಂದ ಮನುಷ್ಯರಿಗೆ ಹರಡುವ ಸಿಟಕೋಸಿಸ್ ಎಂಬ ಜ್ವರವೊಂದುಂಟು. 1929-30ರಲ್ಲಿ ಇದು ಅನೇಕ ದೇಶಗಳಲ್ಲಿ ಕಾಣಿಸಿಕೊಂಡು ಜನರನ್ನು ಗಾಬರಿಗೊಳಿಸಿತ್ತು. ಈಗ ಸೂಕ್ತ ಔಷಧವಿರುವುದರಿಂದ ಭಯಕ್ಕೆ ಕಾರಣವಿಲ್ಲ. ಆದರೆ ಹಕ್ಕಿಯಿರುವ ಮನೆಯಲ್ಲಿ ಯಾರಿಗಾದರೂ ಜ್ವರ, ತೀವ್ರ ತಲೆನೋವು, ಒಣಕೆಮ್ಮು ಬಂದರೆ, ಮನೆಯಲ್ಲಿ ಹಕ್ಕಿಯಿದೆಯೆಂಬುದನ್ನು ಡಾಕ್ಟರಿಗೆ ತಪ್ಪದೆ ಹೇಳಬೇಕು. ಕೇಳದೆ ಅವರಿಗೆ ಹೊಳೆಯುವಂಥದಲ್ಲ. ಒಣಗಿದ ಹಿಕ್ಕೆಯನ್ನು ಕಸಬರಿಕೆಯಿಂದ ಗುಡಿಸಿ ಧೂಳೆಬ್ಬಿಸುವ ಬದಲು ಒದ್ದೆ ಬಟ್ಟೆಯಿಂದ ಒರೆಸತಕ್ಕದ್ದು, ಕೈ ತೊಳೆಯತಕ್ಕದ್ದು.

ಕಾಯಿಲೆಯ ಹಕ್ಕಿಗೆ ಮನೆಯಲ್ಲಿ ಮಾಡಬಹುದಾದ ಒಳ್ಳೆಯ ಉಪಚಾರವೆಂದರೆ ಬೆಚ್ಚಗಿಡುವುದು. ಹಕ್ಕಿಯ ಮೈಶಾಖ ಸಹಜವಾಗಿ 41 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಅದನ್ನು ಕಾಪಾಡಿಕೊಳ್ಳುವುದಕ್ಕೇ ಅದರ ಶಕ್ತಿ ವ್ಯಯವಾಗುತ್ತಿರುತ್ತದೆ. ಗಾಳಿಯಾಡುವ ಚಿಕ್ಕ ಪೆಟ್ಟಿಗೆಯಲ್ಲಿ ಮೆತ್ತನೆಯ ಬಟ್ಟೆ ಹಾಸಿ, ಬಿಸಿನೀರಿನ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಒಂದು ಬದಿಗೆ ಮಾತ್ರ ಇಟ್ಟರೆ, ಸೆಕೆಯೆನಿಸಿದಾಗ ಹಕ್ಕಿ ಇನ್ನೊಂದು ಬದಿಗೆ ಸರಿಯಬಲ್ಲದು. ಬಾಯಿಗೆ ನೀರು, ಹಾಲು, ಬ್ರಾಂದಿ ಏನನ್ನೂ ಹನಿಸಬಾರದು. ಅದು ಶ್ವಾಸನಾಳಕ್ಕಿಳಿಯುವುದೇ ಹೆಚ್ಚು. ದಾರಿಯಲ್ಲಿ ಲೋಕಲ್ ರೈಲಿನ ಗದ್ದಲವಿದ್ದರೆ ಪೆಟ್ಟಿಗೆಯ ಮೇಲೆ ತೆಳುಬಟ್ಟೆ ಹೊದಿಸಿದರಾಯಿತು. ಹೊರಡುವ ಮೊದಲು ಪಂಜರವನ್ನು ತೊಳೆದು ಚೊಕ್ಕಟಮಾಡುವ ಗೃಹಿಣಿಯರು ಅಂದು ಮಾತ್ರ ಆ ಕೆಲಸಕ್ಕೆ ಕೈಹಾಕಬಾರದು. ತಳದಲ್ಲಿ ಹಾಸಿದ ಹಿಂದಿನ ರಾತ್ರಿಯ ಕಾಗದವನ್ನು ಹಿಕ್ಕೆಗಳೊಡನೆ ಹಾಗೆಯೇ ಮಡಿಸಿ, ತೂಕ ಬರೆದಿಟ್ಟ ಪುಸ್ತಕದ ಜೊತೆಗೆ ಚೀಲದಲ್ಲಿಟ್ಟುಕೊಂಡು ಹೋಗತಕ್ಕದ್ದು.